ಅರಗಿನ ಕಿವಿ

ಭೂಮಿಕ ಸತ್ತದ್ದು ಮೆಟ್ಟಿಲ ಬುಡದಲ್ಲಿ. ಕೊಂದವಳು ಮೇಲಿನಿಂದ ಇಳಿದು ಬಂದಿದ್ದಳು, ಮರದ ಮೆಟ್ಟಿಲ ಮೇಲೆ, ಬೂಟುಗಾಲಲ್ಲಿ, ಯಾವ ಅವಸರವೂ ಇಲ್ಲದೆ. ಕಿವಿಯಿದ್ದ ಯಾರಿಗಾದರೂ ಆ ಹೆಜ್ಜೆ ಕೇಳಿಸಬೇಕಿತ್ತು. ಆದರೆ ಆ ಹೊತ್ತಿಗೆ ಭೂಮಿಕಳ ಕಿವಿ ತುಂಬ ಇದ್ದದ್ದು ಪಕ್ಕದ ಗ್ರಿಲ್ ಅಂಗಡಿಯ ಮರಿಸ್ವಾಮಿ ಕಬ್ಬಿಣದ ಪಟ್ಟಿ ಕೊಯ್ಯುವ ಸದ್ದು.

ಸತ್ತದ್ದು ಲ್ಯಾಪ್‌ಟಾಪಿನ ಒಳಗೆ. ಹೊರಗೆ ಅವಳು ನಾಗಮಂಗಲದ ಅಕ್ಕಸಾಲಿ ಚಂದ್ರಶೇಖರ ಅವರ ಮನೆಯ ಸೊಸೆಯಾಗಿ, ನಡುಮನೆಯ ಕಿಟಕಿ ಪಕ್ಕ, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು. ಆಟಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿತ್ತು. ಮನೆಯಲ್ಲಿ ಎಲ್ಲರೂ ಅದನ್ನು ಕೋಟೆ ಗೇಮು ಅನ್ನುತ್ತಿದ್ದರು. ನಾಲ್ಕು ಜನ ಕೋಟೆ ಕಾಯಬೇಕು, ನಾಲ್ಕು ಜನ ನುಗ್ಗಬೇಕು. ಕೋಟೆಯೊಳಗೆ ಬರೀ ಕತ್ತಲು. ಎದುರಾಳಿ ಕಣ್ಣಿಗೆ ಬೀಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಅದಕ್ಕೆ ಮೊದಲೇ ಅವಳು ಎಲ್ಲಿದ್ದಾಳೆಂದು ಕಿವಿ ಹೇಳಬೇಕು.

ಭೂಮಿಕಳ ತಂಡದ ಹೆಸರು ಉಪ್ಸಾರು. ಶ್ರೀರಂಗಪಟ್ಟಣದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ನಾಲ್ವರು ಹುಡುಗಿಯರು ಕ್ಯಾಂಟೀನಿನಲ್ಲಿ ನಗಾಡಿಕೊಂಡು ಇಟ್ಟ ಹೆಸರು. ಈಗ ರಾಜ್ಯಮಟ್ಟದ ಮಹಿಳಾ ಪಂದ್ಯಾವಳಿಯ ಫೈನಲ್ಲಿನಲ್ಲಿ ಅದೇ ಹೆಸರು ಹುಬ್ಬಳ್ಳಿಯವರ ಎದುರಿಗೆ ನಿಲ್ಲಲಿತ್ತು. ಇವತ್ತಿನ ಲೀಗ್ ಪಂದ್ಯ ಸೋತರೂ ಪಾಯಿಂಟಿನ ದೆಸೆಯಿಂದ ಹೇಗೋ ಫೈನಲ್ಲಿಗೆ ತೂರಿಕೊಂಡಿದ್ದರು.

ಪಂದ್ಯ ಮುಗಿದ ಮೇಲೆ ಶ್ವೇತಳ ಫೋನು ಬಂತು. ಪಾಲಹಳ್ಳಿಯವಳು, ತಂಡದ ಕ್ಯಾಪ್ಟನ್ನು.

"ಲೇ ಭೂಮಿ, ಅವ್ಳು ಮದ್ವೆ ಮೆರವಣಿಗೆ ತರ ಇಳ್ಕೊಂಡು ಬಂದ್ಲಲ್ಲೇ, ನಿಂಗೆ ಕೇಳುಸ್ಲಿಲ್ವಾ?"

"ಪಕ್ಕದಲ್ಲಿ ಗೇಟು ಕೊಯ್ತಾವ್ರೆ ಕಣೇ."

"ಫೈನಲ್ ದಿನಾನೂ ಕೊಯ್ತಾರಾ?"

"ಅವ್ರ ಕಸುಬೇ ಅದು. ಕೊಯ್ತಾರೆ."

ಶ್ವೇತ ಅಂದಳು: "ನೋಡು, ನಿನ್ನ ಬುಟ್ಟು ಆಡಕ್ಕೆ ನಂಗೇನು ಆಸೆ ಇಲ್ಲ. ಆದ್ರೆ ಇನ್ನೊಂದ್ಸಲ ಇಂಗಾದ್ರೆ ನಿನ್ನ ಜಾಗಕ್ಕೆ ಬೇರೆಯವ್ರನ್ನ ಹಾಕ್ಕೋತೀನಿ. ಬೈಕೋಬೇಡ."

ಭೂಮಿಕ ಬೈದುಕೊಳ್ಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಗೋಡೆ ನೋಡಿದಳು. ಮದುವೆಯಾದ ಮೇಲೆ ಊರು ಬದಲಾಗಿತ್ತು, ಸಾರಿನ ಖಾರ ಬದಲಾಗಿತ್ತು, ಮಲಗುವ ಮಗ್ಗುಲು ಕೂಡ ಬದಲಾಗಿತ್ತು. ಅದಕ್ಕೆಲ್ಲ ಅವಳೇನೂ ಕೊರಗಿರಲಿಲ್ಲ. ಆದರೆ ಕೋಟೆಯ ಬಡಗಣ ಮೆಟ್ಟಿಲು ಅವಳದು. ಕಾಲೇಜಿನ ಮೊದಲ ವರ್ಷದಿಂದ ಅದನ್ನು ಕಾದವಳು ಅವಳು. ಅದನ್ನು ಬೇರೆಯವಳ ಕೈಗೆ ಕೊಡಲು ಅವಳು ತಯಾರಿರಲಿಲ್ಲ.

"ಒಂದು ಒಳ್ಳೆ ಹೆಡ್‌ಫೋನ್ ತಗೋ," ಅಂದ ಗಂಡ ಶ್ರೀನಾಥ್, ಸಂಜೆ ಬಿಂಡಿಗನವಿಲೆಯ ಸಹಕಾರ ಸಂಘದಿಂದ ಬಸ್ಸಿನಲ್ಲಿ ಬಂದು ಚಪ್ಪಲಿ ಬಿಡುತ್ತಾ. "ಬಸ್ಸಲ್ಲಿ ನಂಗೂ ಹಾಡು ಕೇಳಾಕಾಯ್ತದೆ."

"ನಂಗೂ ಪಿಚ್ಚರ್ ನೋಡಾಕಾಯ್ತದೆ," ಅಂದರು ಒಳಗಿನಿಂದ ಅತ್ತೆ ವರಲಕ್ಷ್ಮಮ್ಮ. "ಆ ಮರಿಸ್ವಾಮಿ ದೆಸೆಯಿಂದ ಯಾವ ಪಿಚ್ಚರ್‌ನಲ್ಲಿ ಯಾರು ಯಾಕೆ ಸತ್ರು ಅಂತಾನೆ ಗೊತ್ತಾಗಾಕಿಲ್ಲ."

ಹೀಗೆ ಒಬ್ಬಳ ಹೆಡ್‌ಫೋನು ಪೆಟ್ಟಿಗೆಯಿಂದ ಹೊರಬರುವ ಮೊದಲೇ ಮೂರು ಜನರದಾಯಿತು. ಮೂವರೂ ಸೇರಿ ಹಾಕಿದರೂ ದೊಡ್ಡ ಮೊತ್ತವೇನೂ ಆಗಲಿಲ್ಲ, ಅದರಲ್ಲೇ ಆಗಬೇಕಿತ್ತು.

*

ನಾಗಮಂಗಲದ ಅಂಗಡಿಗಳಲ್ಲಿ ಡಬ್ಬಿ ಬಿಚ್ಚಿ ಕಿವಿಗೆ ಹಾಕಿ ನೋಡಲು ಬಿಡುತ್ತಿರಲಿಲ್ಲ. ಕೆ.ಆರ್.ಪೇಟೆಯ ಬಸ್ ಸ್ಟ್ಯಾಂಡ್ ಎದುರಿನ ಚಲುವರಾಜು ಬಿಡುತ್ತಾನೆ ಅಂತ ಯಾರೋ ಹೇಳಿದ್ದರು. ಮಾವನಿಗೂ ಪೇಟೆಯಲ್ಲಿ ಒಂದು ಮದುವೆ ಮನೆಗೆ ತಾಳಿಯ ಗುಂಡು ಕೊಡುವುದಿತ್ತು. ಇಬ್ಬರೂ ಜೊತೆಯಲ್ಲೇ ಹೊರಟರು.

ಹಿಂದಿನ ದಿನ ಆ ಗುಂಡುಗಳಿಗೆ ಮಾವ ಅರಗು ತುಂಬುತ್ತಿದ್ದುದನ್ನು ಭೂಮಿಕ ಪಕ್ಕದಲ್ಲಿ ಕೂತು ನೋಡಿದ್ದಳು. ಬಂಗಾರದ ಗುಂಡು ಹೊರಗಿನಿಂದ ಕಾಣುವಷ್ಟು ಗಟ್ಟಿಯಲ್ಲ, ಒಳಗೆ ಪೊಳ್ಳು. ಅರಗು ಕಾಯಿಸಿ ತುಂಬದಿದ್ದರೆ ಬೆರಳೊತ್ತಿದರೂ ನೆಗ್ಗಿಹೋಗುತ್ತದೆ. ಮಾವನಿಗೆ ಆ ಕೆಲಸ ಮಾಡುವಾಗ ಸಣ್ಣಗೆ ಗುನುಗುವ ಅಭ್ಯಾಸ. ಅವರ ಇನ್ನೊಂದು ಕಸುಬು ಕಿವಿ ಚುಚ್ಚುವುದು. ಅರ್ಧ ತಾಲ್ಲೂಕಿನ ಮಕ್ಕಳು ಅವರ ಕೈಯಲ್ಲಿ ಅತ್ತಿದ್ದಾರೆ. ಬೀದಿಯಲ್ಲಿ ಹೋಗುವಾಗ ಅವರು ಜನರ ಮುಖ ನೋಡುವುದಿಲ್ಲ, ಕಿವಿ ನೋಡುತ್ತಾರೆ.

ಬಸ್ಸಿನಲ್ಲಿ ಮಾವ ಕೇಳಿದರು: "ಅಲ್ಲ ಕಣವ್ವ, ಕಿವಿಗೆ ಹಾಕ್ಕೊಳ್ಳೋ ಒಂದು ಸಾಮಾನಿಗೆ ಇಷ್ಟು ದೂರ ಓಗ್ಬೇಕಾ?"

"ಜನ ಒಂದ್ ಜೊತೆ ಓಲೆಗೆ ನಿಮ್ಮತ್ರ ಮೂರ್ಮೂರು ಸಲ ಬರಲ್ವಾ ಮಾವ?"

"ಅದು ಸರಿಯೇ," ಅಂದರು ಮಾವ. ಮಾತು ಅವರಿಗೆ ಹಿಡಿಸಿತ್ತು.

ಚಲುವರಾಜು ಕೆಳಗಿನಿಂದ ಡಬ್ಬಿಗಳನ್ನು ತೆಗೆತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟ. ಮೊದಲನೆಯದನ್ನು ತಾನೇ ಅವಳ ಕೈಗಿತ್ತ.

"ಇದ ಹಾಕ್ನೋಡಿ ಅಕ್ಕ. ಕಬ್ಬಿನ ಟ್ರಾಕ್ಟರ್ ಒಳಗೆ ಕುಂತಂಗಾಯ್ತದೆ."

ನಿಜವಾಗಿಯೂ ಹಾಗೇ ಆಯಿತು. ಹಣೆಯೆಲ್ಲ ಧಡಧಡ. ಭೂಮಿಕ ತನ್ನ ಫೋನಿನಲ್ಲಿ ಕೋಟೆ ಗೇಮಿನ ಮೆಟ್ಟಿಲ ಸದ್ದು ರೆಕಾರ್ಡು ಮಾಡಿಕೊಂಡು ಬಂದಿದ್ದಳು. ಅದನ್ನು ಹಾಕಿ ನೋಡಿದರೆ ಹೆಜ್ಜೆಗಳೆಲ್ಲ ಆ ಧಡಧಡದ ಅಡಿಯಲ್ಲಿ ಸಿಕ್ಕಿ ಅಪ್ಪಚ್ಚಿಯಾಗಿದ್ದವು.

"ಅಣ್ಣ, ನಾನು ಟ್ರಾಕ್ಟರಿಂದ ಇಳಿಯಾಕೆ ಬಂದಿದೀನಿ."

"ಓಹೋ. ಅಂಗಾದ್ರೆ ಇದು. ವೈರೇ ಇಲ್ಲ, ಬ್ಲೂಟೂತು."

"ಅದ್ರಲ್ಲಿ ಸದ್ದು ಒಸಿ ತಡವಾಗಿ ಬತ್ತದೆ. ನಾನು ಸತ್ತ ಮೇಲೆ ನನ್ನ ಕೊಂದೋಳ ಹೆಜ್ಜೆ ಕೇಳುಸ್ತದೆ."

ಚಲುವರಾಜು ಮಾವನ ಮುಖ ನೋಡಿದ. ಮಾವ, ನಮ್ಮ ಮನೆಯಲ್ಲಿ ಇದು ದಿನಾ ಇದ್ದದ್ದೇ ಅನ್ನುವಂತೆ ತಲೆಯಾಡಿಸಿದರು.

ಇನ್ನೊಂದು ಕಿವಿಯ ಮೇಲೆ ಕೂರುತ್ತಿತ್ತೇ ಹೊರತು ಕಿವಿಯನ್ನು ಒಳಗೆ ಹಾಕಿಕೊಳ್ಳುತ್ತಿರಲಿಲ್ಲ. ಅಂಚಿನಿಂದ ಬೀದಿಯೆಲ್ಲ ನುಗ್ಗುತ್ತಿತ್ತು. ಮತ್ತೊಂದರ ಹಿಡಿತ ಎಷ್ಟು ಬಿಗಿಯೆಂದರೆ ಅತ್ತೆ ಅದರಲ್ಲಿ ಒಂದು ಪಿಚ್ಚರ್ ಪೂರಾ ನೋಡಿದರೆ ತಲೆನೋವಿನ ಮಾತ್ರೆ ನುಂಗಬೇಕಾಗುತ್ತಿತ್ತು. ಕೊನೆಗೆ ಒಂದು ಕಪ್ಪು ಹೆಡ್‌ಫೋನು ಸಿಕ್ಕಿತು. ಅಂದವೇನೂ ಇರಲಿಲ್ಲ. ಎರಡು ದಪ್ಪ ಮೆತ್ತೆ, ಹಿಂಬದಿ ಪೂರ್ತಿ ಮುಚ್ಚಿದ ಪ್ಲಾಸ್ಟಿಕ್ಕಿನ ಬಟ್ಟಲು, ಗಟ್ಟಿ ವೈರು. ಭೂಮಿಕ ಅದನ್ನು ಹಾಕಿಕೊಂಡು ಅಂಗಡಿಯ ಬಾಗಿಲಿಗೇ ಹೋಗಿ ಬಸ್ ಸ್ಟ್ಯಾಂಡಿಗೆ ಬೆನ್ನು ಕೊಟ್ಟು ನಿಂತಳು. ಮೈಸೂರಿನ ಬಸ್ಸು ಹಾರನ್ ಹೊಡೆದುಕೊಂಡು ಒಳಗೆ ತಿರುಗುತ್ತಿತ್ತು. ಅದು ಎಲ್ಲೋ ಮೂರು ಬೀದಿ ಆಚೆ ತಿರುಗಿದ ಹಾಗಿತ್ತು. ಹತ್ತಿರದಲ್ಲಿ, ಎಡಗಿವಿಯ ಹಿಂದೆ, ಯಾರೋ ಮೆಟ್ಟಿಲು ಇಳಿಯುತ್ತಿದ್ದರು. ಭೂಮಿಕಳಿಗೆ ಮೈ ಜುಂ ಅಂದಿತು.

ಆಮೇಲೆ ಅತ್ತೆಗಾಗಿ ಒಂದು ಪಿಚ್ಚರಿನಲ್ಲಿ ತಾಯಿ ಮಗಳಿಗೆ ಪಿಸುಗುಟ್ಟುವ ಜಾಗ ಹಾಕಿ ನೋಡಿದಳು. ಒಂದೊಂದು ಮಾತೂ ಬಿಡಿಯಾಗಿ ಬಂತು. ಗಂಡನಿಗಾಗಿ ಒಂದು ಹಾಡು. "ತಮಟೆ ಬೇರೆ, ತಂಬೂರಿ ಬೇರೆ ಕೇಳ್ಬೇಕು, ಎರಡೂ ಕಲಸಿದ್ರೆ ಬೇಡ," ಅಂತ ಶ್ರೀನಾಥ್ ಬೆಳಿಗ್ಗೆಯೇ ಕಟ್ಟಪ್ಪಣೆ ಮಾಡಿದ್ದ. ಬೇರೆ ಬೇರೆಯೇ ಕೇಳಿತು.

ಅಷ್ಟರಲ್ಲಿ ಮಾವ ಗಾಜಿನ ಬೀರುವಿನ ಮುಂದೆ ನಿಂತುಬಿಟ್ಟಿದ್ದರು. ಅದರೊಳಗೆ ಒಂದು ಬೆಳ್ಳಿ ಬಣ್ಣದ ಹೆಡ್‌ಫೋನು. ಅದರ ಬಟ್ಟಲಿನ ಹಿಂಬದಿಗೆ ಸಣ್ಣ ಸಣ್ಣ ಕಿಂಡಿಗಳ ಜಾಲರಿ.

"ಕೆಲಸ ನೋಡವ್ವ, ಎಷ್ಟು ನೀಟಾಗೈತೆ."

"ಅದು ಓಪನ್ ಬ್ಯಾಕು ಯಜಮಾನ್ರೇ," ಅಂದ ಚಲುವರಾಜು. "ಸ್ಟುಡಿಯೋದವ್ರು ಹಾಕ್ಕೊಳ್ಳೋದು. ಅಕ್ಕ ತಗೊಂಡಿರೋ ಅಂಥವು ಮೂರರ ದುಡ್ಡು ಕೊಟ್ರೂ ಅದು ಒಂದು ಬರಾಕಿಲ್ಲ."

"ಅದು ನಮ್ಗೆ ಬೇಡ ಮಾವ," ಅಂದಳು ಭೂಮಿಕ, ವೈರಿನ ಪಿನ್ನನ್ನು ಬೆಳಕಿಗೆ ಹಿಡಿದು ನೋಡುತ್ತಾ. ಯಾಕೆ ಬೇಡ ಅಂತ ಹೇಳುವುದು ಅವಳಿಗೆ ಹೊಳೆಯಲೇ ಇಲ್ಲ. ಜಾಲರಿಯಿದ್ದರೆ ಒಳಗಿನದು ಹೊರಗೆ, ಹೊರಗಿನದು ಒಳಗೆ. ಸದ್ದಿಲ್ಲದ ಕೋಣೆಯಲ್ಲಿ ಕೂರುವವರಿಗೆ ಅದು ಸೊಗಸು, ಮರಿಸ್ವಾಮಿಯ ಪಕ್ಕದ ಮನೆಯವರಿಗಲ್ಲ. ಇಷ್ಟು ಹೇಳಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಮಾವ ಕಿಟಕಿಯಾಚೆ ನೋಡುತ್ತಾ ಮೊಣಕಾಲ ಮೇಲೆ ಬೆರಳಿನಿಂದ ಜಾಲರಿಯ ಗೆರೆ ಎಳೆಯುತ್ತಿದ್ದರು.

*

ಆಮೇಲಿನ ದಿನಗಳನ್ನು ಭೂಮಿಕ ಸುಖದ ದಿನಗಳು ಅಂತಲೇ ಎಣಿಸಿದಳು. ಮರಿಸ್ವಾಮಿ ಕೊಯ್ಯುತ್ತಲೇ ಇದ್ದ. ಅದು ಇನ್ಯಾರದೋ ಮನೆಯಲ್ಲಿ ಜೇನುಹುಳ ಸುತ್ತಿದಷ್ಟೇ ಕೇಳುತ್ತಿತ್ತು. ಅಭ್ಯಾಸದ ಆಟಗಳಲ್ಲಿ ಬಡಗಣ ಮೆಟ್ಟಿಲನ್ನು ಒಬ್ಬರೂ ದಾಟಲಿಲ್ಲ. "ಈಗ ನೀನು ನಮ್ಮ ಹಳೇ ಭೂಮಿ," ಅಂದಳು ಶ್ವೇತ.

ಮನೆಯಲ್ಲಿ ಮಾತ್ರ ಸರದಿಯ ಜಗಳ. ಬೆಳಿಗ್ಗೆ ಶ್ರೀನಾಥ್ ಅದನ್ನು ಬಸ್ಸಿಗೆ ಒಯ್ಯಲು ನೋಡುತ್ತಿದ್ದ, ಅತ್ತೆ ಬಾಗಿಲಲ್ಲೇ ಅಡ್ಡ ನಿಲ್ಲುತ್ತಿದ್ದರು.

"ಮಡುಗ್ಲಾ ಅಲ್ಲಿ. ನಿನ್ನೆ ಇಂಟರ್‌ವಲ್‌ಗೇ ನಿಲ್ಸಿವ್ನಿ ನಾನು. ಆ ಹುಡುಗಿ ಬಾವಿಗೆ ಬಿದ್ಲೋ ಬುಟ್ಲೋ ನೋಡ್ಬೇಕು."

"ಅವ್ಳು ಬೀಳಾಕಿಲ್ಲ ಕಣವ್ವ. ಹೀರೋಯಿನ್ನು."

"ಯಾಕೆ ಹೇಳ್ದೆ? ಮೊದ್ಲೇ ಯಾಕೆ ಹೇಳ್ದೆ?"

ಏಪ್ರಿಲ್ ತಿಂಗಳು. ಶೀಟಿನ ಮನೆ ಮಧ್ಯಾಹ್ನದ ಹೊತ್ತಿಗೆ ಕಾದ ಹೆಂಚು. ಆಟ ಮುಗಿಸಿ ಹೆಡ್‌ಫೋನು ತೆಗೆದರೆ ಭೂಮಿಕಳ ಕಿವಿಗಳು ಕೆಂಪಗೆ, ಒದ್ದೆಯಾಗಿರುತ್ತಿದ್ದವು. ಅವಳು ಸೆರಗಿನಿಂದ ಒರೆಸಿಕೊಂಡು ಮರೆತುಬಿಡುತ್ತಿದ್ದಳು. ಕೆಲಸದ ಮಣೆಯ ಹಿಂದಿನಿಂದ, ಕನ್ನಡಕದ ಮೇಲಿನಿಂದ, ಮಾವ ಆ ಕಿವಿಗಳನ್ನು ನೋಡುತ್ತಿದ್ದರು.

ಫೈನಲ್ ಭಾನುವಾರ ಬೆಳಿಗ್ಗೆ. ಅದಕ್ಕೆ ಸ್ವಲ್ಪ ಮುಂಚೆ ಕ್ಯಾತನಹಳ್ಳಿಯ ತವರಿನಲ್ಲಿ ತಂಗಿಯ ಸೀಮಂತವಿತ್ತು. ಭೂಮಿಕ ಹೆಡ್‌ಫೋನನ್ನು ಟೀವಿ ಸ್ಟ್ಯಾಂಡಿನ ಮೇಲಿಟ್ಟು, ಪಾಂಡವಪುರಕ್ಕೆ ಹೋಗಿ ಅಲ್ಲಿಂದ ಆಟೋ ಹಿಡಿದು ಊರು ಸೇರಿ, ಹಾಡಿ, ಉಂಡು, ಶನಿವಾರ ಸಂಜೆಗೆ ವಾಪಸ್ಸು ಬಂದಳು.

ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ಕೈಕಾಲು ತೊಳೆಯಲೂ ಬಿಡಲಿಲ್ಲ.

"ಬಾ ಮಗ, ಇಲ್ಲಿ ಕುಂತ್ಕೊ. ಕಣ್ಮುಚ್ಚು."

ಒಡವೆ ಒಪ್ಪಿಸುವ ಗುಲಾಬಿ ಕಾಗದದಲ್ಲಿ ಸುತ್ತಿದ್ದ ಏನನ್ನೋ ಅವರು ಅವಳ ಮಡಿಲಲ್ಲಿಟ್ಟರು. ಬಿಚ್ಚಿದಳು. ಅದೇ ಕಪ್ಪು ಹೆಡ್‌ಫೋನು. ಎರಡು ಬಟ್ಟಲುಗಳ ಹಿಂಬದಿಗೂ ಒಂದೊಂದು ಕಮಲ ಅರಳಿತ್ತು. ಬರೆದದ್ದಲ್ಲ, ಕೊರೆದದ್ದು. ಎಸಳಿಗೆ ಎಸಳು ಹೊಂದಿಕೊಂಡು, ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳು, ನಡುವೆ ಒಂದು ಸುತ್ತು ದೊಡ್ಡವು. ಒಂದೂ ಅಂಚು ಸೀಳಿರಲಿಲ್ಲ. ಕಮಲದೋಲೆಯಲ್ಲಿ ಹರಳು ಕೂರುವ ಜಾಗಗಳೆಲ್ಲ ಇಲ್ಲಿ ಬಯಲು.

"ಸ್ಕ್ರೂ ಬಿಚ್ಚಿ, ಒಳಗಿನ ಸ್ಪೀಕರ್‌ನ ಹತ್ತಿಯಲ್ಲಿ ಸುತ್ತಿ ತೆಗೆದಿಟ್ಟು, ಆಮೇಲೆ ಕೊರೆದೆ. ಅದಕ್ಕೇನೂ ಆಗಿಲ್ಲ," ಅಂದರು ಮಾವ. "ಅವತ್ತು ನೀನು ‘ಅದು ನಮ್ಗೆ ಬೇಡ’ ಅಂದ್ಯಲ್ಲ. ನಾನು ಅಂಗಡಿಯಲ್ಲಿ ಕುಂತು ಆ ಮಾತ ಎಷ್ಟು ಹೆಣ್ಮಕ್ಕಳ ಬಾಯಲ್ಲಿ ಕೇಳಿವ್ನಿ ಗೊತ್ತಾ? ದೊಡ್ಡ ಓಲೆ ಕೈಲಿಡ್ಕಂಡು, ಅಷ್ಟೊತ್ತು ನೋಡಿ, ‘ನಂಗೆ ಒಪ್ಪಾಕಿಲ್ಲ’ ಅಂತ ಕೆಳಗಿಡ್ತಾರೆ. ಒಪ್ಪದೆ ಏನು? ಎಲ್ಲಾ ಒಪ್ತದೆ. ಅದಕ್ಕೆ ನಾನೇ ಮಾಡ್ದೆ. ಗಾಳಿ ಆಡ್ತದೆ, ಕಿವಿ ಬೇಯಾಕಿಲ್ಲ. ಆ ಸ್ಟುಡಿಯೋದವ್ರದ್ದಕ್ಕಿಂತ ಚೆನ್ನಾಗೈತೆ, ಅಲ್ವಾ?"

ಭೂಮಿಕ ಹೆಡ್‌ಫೋನು ಹಾಕಿಕೊಂಡಳು. ಮರಿಸ್ವಾಮಿಯ ಮಿಷನ್ನು ಕಿರ್ರೆಂದು ನೇರವಾಗಿ ತಲೆಯೊಳಗೆ ಬಂದು ಕೂತಿತು.

"ಭಾಳ ಚೆನ್ನಾಗೈತೆ ಮಾವ," ಅಂದಳು.

ಸುಳ್ಳೂ ಅಲ್ಲ. ಅಷ್ಟು ಚೆನ್ನಾಗಿರುವ ಕೆಲಸವನ್ನು ಅವಳು ನೋಡಿರಲಿಲ್ಲ. ಒಳಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ಮುಖ ತೊಳೆದಳು, ಮತ್ತೆ ತೊಳೆದಳು. ಶ್ವೇತಳಿಗೆ ಈಗಲೇ ಫೋನು ಮಾಡಿ, ನಾಳೆ ನನ್ನ ಜಾಗಕ್ಕೆ ಬೇರೆಯವರನ್ನು ಹಾಕಿಕೋ ಅನ್ನುವುದೇ ಮರ್ಯಾದೆ ಅನ್ನಿಸಿತು. ಕೆ.ಆರ್.ಪೇಟೆಗೆ ಹೋಗಿಬರುವಷ್ಟು ಹೊತ್ತೂ ಇರಲಿಲ್ಲ, ಇನ್ನೊಂದು ಕೊಳ್ಳುವ ದಾರಿಯೂ ಇರಲಿಲ್ಲ. ಭಾನುವಾರ ಕೊಯ್ಯಬೇಡ ಅಂತ ಮರಿಸ್ವಾಮಿಯನ್ನು ಶ್ರೀನಾಥ್ ಆಗಲೇ ಕೇಳಿ ಬಂದಿದ್ದ. ಗೇಟು ಮಾಡಿಸುವವರದು ಸೋಮವಾರ ಗೃಹಪ್ರವೇಶ, ಅಷ್ಟರಲ್ಲಿ ಗೇಟು ನಿಲ್ಲಿಸಬೇಕು, ಇಲ್ಲದಿದ್ದರೆ ಅವನನ್ನೇ ಗೇಟಿನ ಜಾಗದಲ್ಲಿ ನಿಲ್ಲಿಸುತ್ತಾರಂತೆ.

ಅವಳು ಬಚ್ಚಲಿಂದ ಬರುವ ಹೊತ್ತಿಗೆ ಅತ್ತೆ ಸರದಿ ಹಿಡಿದಿದ್ದರು. ಹೆಡ್‌ಫೋನು ಹಾಕಿಕೊಂಡು, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಕೊಂಡು, ಬಾವಿಯ ಹುಡುಗಿಯ ಕಥೆ ಮುಂದುವರಿಸಿದ್ದರು. ಬೀದಿಯಲ್ಲಿ ಮಿಷನ್ನು ಸ್ವಲ್ಪ ಹೊತ್ತು ನಿಂತಿತ್ತು. ಮಾವ ಮಣೆಯ ಮುಂದೆ ಕೂತು ಚಿಮುಟ ಒರೆಸುತ್ತಿದ್ದವರು ತಲೆಯೆತ್ತಿದರು.

"ಯಾರೋ ಅಳ್ತಾವ್ರಲ್ಲ?"

ಮತ್ತೆ ಕಿವಿಗೊಟ್ಟರು.

"ಯಾವ್ದೋ ಹೆಣ್ಮಗಳು. ಅಪ್ಪಯ್ಯ ಅಪ್ಪಯ್ಯ ಅಂತಾವ್ಳೆ." ಅವರು ಎದ್ದು ಬಾಗಿಲಿಗೆ ಹೋಗಿ ಬೀದಿ ನೋಡಿದರು. ತಿರುಗಿ ಬಂದರು. ದನಿಯನ್ನು ಹಿಂಬಾಲಿಸಿಕೊಂಡು ಒಂದೊಂದೇ ಹೆಜ್ಜೆ ಇಟ್ಟು, ಹೆಂಡತಿಯ ಬೆನ್ನ ಹಿಂದೆ ಬಂದು, ಬಗ್ಗಿ, ತಾವೇ ಕೊರೆದ ಕಮಲಕ್ಕೆ ಕಿವಿ ಕೊಟ್ಟರು.

ಅತ್ತೆ ಬೆಚ್ಚಿಬಿದ್ದು ಹೆಡ್‌ಫೋನು ಕಿತ್ತರು. "ಅಯ್ಯೋ, ಏನ್ರೀ ಇದು, ವಯಸ್ಸಾದ ಮೇಲೆ!"

ಮಾವ ನಗಲಿಲ್ಲ. ಅದನ್ನು ಕೈಗೆ ತೆಗೆದುಕೊಂಡು ಸೊಸೆಯ ಕಡೆ ನೋಡಿದರು. ಭೂಮಿಕ ಕಣ್ಣು ಕೆಳಗೆ ಹಾಕಿದಳು.

"ಒಳಗಿಂದು ಆಚೆಗೆ ಬತ್ತಾ ಐತೆ. ಆಚೆದು?"

"ಒಳಕ್ಕೆ ಬತ್ತದೆ ಮಾವ."

"ಮರಿಸ್ವಾಮಿದು?"

"ಅದೂ ಬತ್ತದೆ."

"ಅವತ್ತು ಬೇಡ ಅಂದಿದ್ದು..."

"ಇದಕ್ಕೇ ಮಾವ. ದುಡ್ಡಿಗಲ್ಲ. ನಾನು ಸರಿಯಾಗಿ ಹೇಳ್ಬೇಕಿತ್ತು."

ಮಾವ ನಿಧಾನವಾಗಿ ಮಣೆಯ ಮುಂದೆ ಹೋಗಿ ಕೂತರು. ಎಷ್ಟೋ ಹೊತ್ತು ಆ ಕಮಲಗಳ ಮೇಲೆ ಹೆಬ್ಬೆರಳಾಡಿಸುತ್ತಿದ್ದರು. ಶ್ರೀನಾಥ್ ಬಂದ, ವಿಷಯ ಕೇಳಿದ, "ಟೇಪ್ ಸುತ್ತಾಣ ಬುಡಪ್ಪ," ಅಂದ. ಸುತ್ತಿದರು. ಟೇಪು ತೆಳ್ಳಗೆ ಡೋಲಿನ ಚರ್ಮದಂತೆ ಅದುರಿ, ಹಾಡೆಲ್ಲ ಡಬ್ಬದೊಳಗಿಂದ ಬಂದಂತಾಯಿತು. ಬಿಚ್ಚಿದರು. ಅತ್ತೆ ಒಳಗಿನಿಂದ ಚಪಾತಿ ಹಿಟ್ಟು ತಂದರು. ಅವರನ್ನು ಯಾರೂ ಮಾತಾಡಿಸಲಿಲ್ಲ.

"ಪೊಳ್ಳು," ಅಂದರು ಮಾವ ಇದ್ದಕ್ಕಿದ್ದಂತೆ.

"ಏನು?"

"ಬಟ್ಟಲು ಕಣ್ಲಾ. ತೆಳ್ಳಗೆ, ಪೊಳ್ಳು. ಗುಂಡಿನ ತರ." ಅವರು ಉಗುರಿನಿಂದ ತಟ್ಟಿದರು. ಟೊಕ್ ಟೊಕ್ ಅಂದಿತು. "ಬೆಳಕು ಹರೀಲಿ."

*

ಭಾನುವಾರ ಭೂಮಿಕ ಏಳುವ ಹೊತ್ತಿಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ನಿಗಿನಿಗಿ ಅನ್ನುತ್ತಿತ್ತು. ಮನೆಯೆಲ್ಲ ಅರಗಿನ ವಾಸನೆ. ಮಾವ ಹೆಡ್‌ಫೋನನ್ನು ಬಿಚ್ಚಿ, ಸ್ಪೀಕರುಗಳನ್ನು ಮತ್ತೆ ಹತ್ತಿಯೊಳಗೆ ಮಲಗಿಸಿ, ಬರೀ ಬಟ್ಟಲುಗಳನ್ನು ಒದ್ದೆ ಬಟ್ಟೆಯ ಮೇಲೆ ಬೋರಲು ಹಾಕಿಕೊಂಡಿದ್ದರು.

"ಬಿಸಿ ಜಾಸ್ತಿ ಆದ್ರೆ ಪ್ಲಾಸ್ಟಿಕ್ಕು ಸುರುಟ್ಕೊಂಡ್ಬುಡ್ತದೆ," ಅಂದರು ತಲೆಯೆತ್ತದೆ. "ನೀನು ಊದ್ಬೇಡ, ಉಸಿರೂ ಬುಡ್ಬೇಡ. ಅಲ್ಲೇ ಕುಂತಿರು."

ಅರಗಿನ ಕಡ್ಡಿಯನ್ನು ಕೆಂಡದ ಮೇಲೆ ತೋರಿಸಿ, ಮೇಣದಂತೆ ಬಾಗುವಷ್ಟು ಮೆತ್ತಗಾದ ಕೂಡಲೇ ತೆಗೆದು, ಅಂಗೈಯಲ್ಲಿ ಹೊಸೆದು ಬಿಸಿ ಇಳಿಸಿ, ತೂತು ತೂತಿಗೆ ಒತ್ತುತ್ತಾ ಹೋದರು. ಒಂದು ಎಸಳು. ಇನ್ನೊಂದು ಎಸಳು. ಮೊದಲ ಸಲ ಅಂಚಿನಲ್ಲಿ ಪ್ಲಾಸ್ಟಿಕ್ಕು ಸ್ವಲ್ಪ ಹೊಳಪು ಕಳೆದುಕೊಂಡಿತು. ಮಾವ ನಾಲಿಗೆ ಕಚ್ಚಿಕೊಂಡು, ಅರಗನ್ನು ಇನ್ನಷ್ಟು ಆರಿಸಿಕೊಂಡರು. ಹೊರಗಿನದು ಮುಗಿದ ಮೇಲೆ ಬಟ್ಟಲಿನ ಒಳಮೈಗೂ ಒಂದು ತೆಳು ಪದರ ಬಳಿದರು. ಅದನ್ನು ಮಾಡಿ ಅಂತ ಯಾರೂ ಹೇಳಿರಲಿಲ್ಲ. ಗುಂಡಿಗೆ ಒಳಗೆ ತುಂಬುತ್ತಾರೆ, ಅದಕ್ಕೇ ಇದಕ್ಕೂ ಅಂದುಕೊಂಡಿರಬೇಕು.

ಕಪ್ಪು ಬಟ್ಟಲುಗಳ ಮೇಲೆ ಇಟ್ಟಿಗೆಗೆಂಪಿನ ಎರಡು ಕಮಲಗಳು ಅರಳಿ ನಿಂತವು. ಮಾವ ಅವನ್ನು ಒಣಬಟ್ಟೆಯಲ್ಲಿ ತಿಕ್ಕಿ, ಸ್ಪೀಕರು ಕೂರಿಸಿ, ಸ್ಕ್ರೂ ಹಾಕಿ, ಉಗುರಿನಿಂದ ತಟ್ಟಿದರು. ಈ ಸಲ ಟೊಕ್ ಅನ್ನಲಿಲ್ಲ. ಕಲ್ಲಿಗೆ ತಟ್ಟಿದಂತೆ ಸುಮ್ಮನಿತ್ತು.

"ಹಾಕ್ಕೋ."

ಭೂಮಿಕ ಹಾಕಿಕೊಂಡಳು. ಮೊದಲಿಗಿಂತ ತುಸು ಭಾರ. ಮೆಟ್ಟಿಲ ಸದ್ದು ಹಾಕಿದಳು, ಕೇಳಿದಳು, ಮತ್ತೆ ಮೊದಲಿನಿಂದ ಹಾಕಿದಳು. ಹೆಜ್ಜೆಯ ಸುತ್ತ ಮೊದಲು ಸಣ್ಣಗೆ ಗುಂಯ್‌ಗುಡುತ್ತಿದ್ದ ಒಂದು ಮಬ್ಬು ಈಗ ಇರಲಿಲ್ಲ. ಬೂಟಿನ ಹಿಮ್ಮಡಿ ಬೇರೆ, ಮುಂಗಾಲು ಬೇರೆ ಕೇಳಿಸಿತು. ಅವಳು ಮಾವನ ಮುಖ ನೋಡಿದಳು. ಅವರ ತುಟಿ ಅಲ್ಲಾಡುತ್ತಿತ್ತು. ಏನು ಕೇಳುತ್ತಿದ್ದಾರೋ ಒಂದಕ್ಷರವೂ ಕೇಳಿಸಲಿಲ್ಲ. ಭೂಮಿಕ ಜೋರಾಗಿ ನಕ್ಕಳು.

ಅಷ್ಟರಲ್ಲಿ ಆಟದ ಹೊತ್ತಾಗಿತ್ತು.

ಹುಬ್ಬಳ್ಳಿಯವರು ಸುಮ್ಮನೆ ಫೈನಲ್ಲಿಗೆ ಬಂದವರಲ್ಲ. ಒಂದು ಸುತ್ತು ಅವರು, ಒಂದು ಸುತ್ತು ಇವರು, ಹೀಗೇ ಸಾಗಿ ಕೊನೆಯ ಸುತ್ತಿಗೆ ಸಮವಾಗಿ ಬಂದು ನಿಂತಿತು. ಉಪ್ಸಾರು ಕೋಟೆ ಕಾಯಬೇಕು. ಮೂಡಣ ಬಾಗಿಲಲ್ಲಿ ಉಪ್ಸಾರಿನ ಇಬ್ಬರು ಬಿದ್ದರು. ಶ್ವೇತ ಎದುರಾಳಿಗಳಲ್ಲಿ ಇಬ್ಬರನ್ನು ಕೆಡವಿ ತಾನೂ ಬಿದ್ದಳು.

"ಭೂಮಿ, ಇನ್ನು ನೀನೊಬ್ಳೇ," ಅಂತ ಅವಳ ದನಿ ಕಿವಿಯೊಳಗೆ ಬಂತು. "ಅವ್ರು ಇಬ್ರವ್ರೆ. ನಾವ್ಯಾರೂ ಮಾತಾಡಲ್ಲ. ಕೇಳ್ಕೋ."

ಮೌನ. ಭೂಮಿಕ ಕಣ್ಣು ಮುಚ್ಚಿಕೊಂಡಳು. ಪರದೆಯಲ್ಲಿ ಏನೂ ಬದಲಾಗುವಂತಿರಲಿಲ್ಲ, ಅಲ್ಲಿರುವುದೂ ಕತ್ತಲೇ.

ಕೋಟೆಯ ಅಂಗಳದಲ್ಲಿ ಸೂರಿಗೆ ಕಟ್ಟಿದ ನೀರುದೋಣಿಯಿಂದ ನೀರು ತೊಟ್ಟಿಕ್ಕುತ್ತದೆ. ಆಟ ಶುರುವಾದಾಗಿನಿಂದ ಮುಗಿಯುವವರೆಗೂ ತೊಟ್ಟಿಕ್ಕುತ್ತಲೇ ಇರುತ್ತದೆ. ಯಾರೂ ಅದಕ್ಕೆ ಗಮನ ಕೊಡುವುದಿಲ್ಲ. ಟಪ್. ಟಪ್. ಟಪ್. ಆಮೇಲೆ ಒಂದು ಹನಿ ಮೆತ್ತಗೆ ಬಿತ್ತು. ಹನಿ ಬದಲಾಗಿರಲಿಲ್ಲ. ಅವಳಿಗೂ ಹನಿಗೂ ನಡುವೆ ಯಾರೋ ಬಂದು ನಿಂತಿದ್ದರು.

ಭೂಮಿಕ ಬಲಕ್ಕೆ ಹೊರಳಿ ಕತ್ತಲಿಗೇ ಗುಂಡು ಹಾರಿಸಿದಳು. ಕತ್ತಲು ಕುಸಿದು ಬಿತ್ತು. ಮುಂದಿನ ಹನಿ ಸ್ವಚ್ಛವಾಗಿ ಟಪ್ ಅಂದಿತು.

ಇನ್ನೊಬ್ಬಳು. ಆ ಸದ್ದಿಗೆ ಅವಳು ಓಡಿ ಬರಬೇಕಿತ್ತು, ಬರಲಿಲ್ಲ. ಜಾಣೆ. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಮೇಲುಗಡೆ, ಬಡಗಣ ಮೆಟ್ಟಿಲಿನ ತುದಿಯಲ್ಲಿ, ಒಂದು ಹಿಮ್ಮಡಿ. ಮುಂಗಾಲು. ಅವಸರವಿಲ್ಲದ ಹೆಜ್ಜೆ. ಭೂಮಿಕಳಿಗೆ ಆ ನಡಿಗೆ ಗೊತ್ತಿರಲಿಲ್ಲ, ಮೆಟ್ಟಿಲು ಗೊತ್ತಿತ್ತು. ಕೆಳಗಿನಿಂದ ಮೂರನೆಯ ಹಲಗೆ ಸಡಿಲ. ಅಲ್ಲಿಗೆ ಬರಲಿ. ಅವಳು ಉಸಿರು ಬಿಗಿಹಿಡಿದಳು, ಬೆಳಿಗ್ಗೆ ಮಾವ ಅರಗು ಒತ್ತುವಾಗ ಹಿಡಿದಿದ್ದ ಹಾಗೇ.

ಹಲಗೆ ಕಿರುಗುಟ್ಟಿತು.

ಮುಂದಿನ ಕ್ಷಣ ಶ್ವೇತ ಕಿವಿಯೊಳಗೆ ಕಿರುಚಿದ ಕಿರುಚಾಟಕ್ಕೆ ಅರಗೂ ಬಿರುಕು ಬಿಡಬೇಕಿತ್ತು. ಬಿಡಲಿಲ್ಲ. ಪರದೆಯ ಮೇಲೆ ಬಂಗಾರದ ಅಕ್ಷರಗಳಲ್ಲಿ ಉಪ್ಸಾರು ಅಂತ ಮೂಡಿತು. ಮೂವರೂ ಒಟ್ಟಿಗೆ ಅಳುತ್ತಾ, ನಗುತ್ತಾ, ಒಬ್ಬರಿಗೊಬ್ಬರು ಕೆಟ್ಟದಾಗಿ ಬೈದುಕೊಳ್ಳುತ್ತಿದ್ದರು.

"ಲೇ ಭೂಮಿ, ಕ್ಯಾಮೆರಾ ಆನ್ ಮಾಡೇ! ಅಯ್ಯೋ, ಅದೇನೇ ಕಿವಿ ಮೇಲೆ ಕೆಂಪಗೆ? ಯಾವ ಕಂಪ್ನಿದೇ ಅದು?"

"ನಮ್ಮಾವಂದು," ಅಂದಳು ಭೂಮಿಕ. "ಬಡಗಣ ಮೆಟ್ಟಿಲಿಗೆ ಯಾರನ್ನೋ ಹಾಕ್ಕೋತೀನಿ ಅಂತಿದ್ಯಲ್ಲ, ಸಿಕ್ಕಿದ್ರಾ?"

"ಮುಚ್ಚು ಬಾಯಿ. ಆ ಮೆಟ್ಟಿಲು ಸಾಯೋವರ್ಗೂ ನಿಂದೇ."

ಭೂಮಿಕ ಹೆಡ್‌ಫೋನು ತೆಗೆದಳು.

ಸದ್ದು ಗೋಡೆ ಕುಸಿದಂತೆ ಮೈಮೇಲೆ ಬಿತ್ತು. ಮಿಷನ್ನು ಅವರ ಕಿಟಕಿಯ ಕೆಳಗೇ, ಬೀದಿಯಲ್ಲೇ ಅರಚುತ್ತಿತ್ತು. ಗೇಟು ದೊಡ್ಡದಾಗಿ ಅಂಗಡಿಯೊಳಗೆ ಹಿಡಿಸದೆ ಮರಿಸ್ವಾಮಿ ಅದನ್ನು ಹೊರಗೆ ಹಾಕಿಕೊಂಡು ಕೊಯ್ಯುತ್ತಿದ್ದ. ಕಿಡಿಗಳು ಕಿಟಕಿಯ ಸರಳಿನವರೆಗೂ ಹಾರುತ್ತಿದ್ದವು. ಹಿಂದೆ ಅತ್ತೆ, ಶ್ರೀನಾಥ್, ಮಾವ ಮೂವರೂ ಗೋಡೆಗೆ ಅಂಟಿಕೊಂಡು, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದರು.

"ಗೆದ್ರಾ?" ಅಂತ ಕೂಗಿದ ಶ್ರೀನಾಥ್.

"ಗೆದ್ವಿ! ಇವ್ನು ಯಾವಾಗ ಶುರು ಮಾಡ್ದ?"

"ಯಾವಾಗಾ? ನೀನು ಕುಂತಾಗಿಂದ ನಿಲ್ಸೇ ಇಲ್ಲವಲ್ಲೇ!"

ಮಾವ ಕಿವಿಯಿಂದ ಕೈ ತೆಗೆದರು. ಸೊಸೆಯನ್ನು ನೋಡಿದರು, ಕಿಟಕಿಯಾಚೆಯ ಕಿಡಿಗಳನ್ನು ನೋಡಿದರು, ಮತ್ತೆ ಸೊಸೆಯನ್ನು ನೋಡಿದರು. "ಒಸೀನೂ ಕೇಳುಸ್ಲಿಲ್ವಾ ಮಗ?"

"ಒಸೀನೂ ಇಲ್ಲ ಮಾವ."

ಚಂದ್ರಶೇಖರ ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಝಾಡಿಸಿ, ಮತ್ತೆ ಹಾಕಿಕೊಂಡು, ಬೀದಿಗೇ ಇಳಿದರು. ಮಿಷನ್ನು ನಿಂತಿತು. ಹೊರಗಿನಿಂದ ಅವರ ದನಿ ಕೇಳಿಸಿತು: "ಲೇ ಮರಿಸ್ವಾಮಿ, ಎಷ್ಟು ಬೇಕಾದ್ರೂ ಕೊಯ್ಕೊ ಕಣ್ಲಾ! ನಮ್ಮ ಸೊಸೆಗೆ ನೀನು ಇದ್ದೀಯೋ ಸತ್ತಿದ್ದೀಯೋ ಗೊತ್ತಾಗಾಕಿಲ್ಲ! ರಾಜ್ಯಕ್ಕೇ ಫಸ್ಟ್ ಬಂದ್ಬುಟ್ಲು!"

ಸ್ವಲ್ಪ ಹೊತ್ತಿನಲ್ಲಿ ಬಾಗಿಲಲ್ಲಿ ಮರಿಸ್ವಾಮಿಯೇ ಬಂದು ನಿಂತ. ಕಣ್ಣಿಗೆ ಕಪ್ಪು ಕನ್ನಡಕ, ಮೈಯೆಲ್ಲ ಕಬ್ಬಿಣದ ಪುಡಿ. ಮೇಜಿನ ಮೇಲಿದ್ದ ಕೆಂಪು ಕಮಲದ ಹೆಡ್‌ಫೋನನ್ನು ಮುಟ್ಟಲೋ ಬೇಡವೋ ಎಂಬಂತೆ ನೋಡಿದ. ಭೂಮಿಕ ಅದನ್ನು ಎತ್ತಿ ಅವನ ಕಿವಿಗೆ ಹಾಕಿದಳು. ಶ್ರೀನಾಥ್ ಕೇಳದೆಯೇ ಒಂದು ಹಾಡು ಹಚ್ಚಿದ. ಮರಿಸ್ವಾಮಿ ಕಣ್ಣು ಮುಚ್ಚಿಕೊಂಡು ಹಾಡು ಮುಗಿಯುವವರೆಗೂ ಹಾಗೇ ನಿಂತಿದ್ದ.

"ಆಚಾರ್ರೇ," ಅಂದ ಆಮೇಲೆ, ಮಿಷನ್ನಿನ ಮುಂದೆ ಮಾತಾಡಿ ಅಭ್ಯಾಸವಾದ ಜೋರು ದನಿಯಲ್ಲಿ. "ಇಪ್ಪತ್ತು ವರ್ಷದಿಂದ ನನ್ನ ಕಿವೀಲಿ ಆ ಸದ್ದು ಒಂದು ಗಳಿಗೆ ನಿಂತಿರ್ಲಿಲ್ಲ. ನಂಗೂ ಒಂದು ಚುಚ್ಕೊಡಿ."

"ಮೊದ್ಲು ಗೇಟು ಮುಗ್ಸು ಕಣ್ಲಾ," ಅಂದರು ವರಲಕ್ಷ್ಮಮ್ಮ, ಅವನ ತಲೆಯಿಂದ ಹೆಡ್‌ಫೋನು ಬಿಡಿಸಿಕೊಳ್ಳುತ್ತಾ. "ಈಗ ನನ್ನ ಸರದಿ. ಆ ಹುಡುಗಿ ಇನ್ನೂ ಬಾವಿ ಕಟ್ಟೆ ಮೇಲೇ ನಿಂತವ್ಳೆ."